ವಿಶ್ವವಿದ್ಯಾಲಯಕ್ಕೆ ದಾನದ ಹಣ ಎತ್ತಬೇಕೆ?

ಗುಲ್ಬರ್ಗಾ ವಿಶ್ವವಿದ್ಯಾಲಯದ ಬಡ ಮಕ್ಕಳ ಶುಲ್ಕಕ್ಕೂ ಬೋಧಕರ ಸಂಬಳಕ್ಕೂ ಹಳೆ ವಿದ್ಯಾರ್ಥಿಗಳಿಂದ, ದಾನಿಗಳಿಂದ ಹಣ ಕೂಡಿಸೋಣ ಎಂಬ ಮಾತಿಗೆ ಎರಡು ದನಿ.

ಪರ

"ತೊಗರಿ ರಾಶಿ ಆದ ಮ್ಯಾಗ ಕಟ್ತೀವ್ರಿ ಸರ, ಜರಾ ತಡೀರಿ." ಯಾದಗಿರಿ ಕಡೆಯ ರೈತರೊಬ್ಬರು ಕಾಲೇಜೊಂದರ ಶುಲ್ಕದ ಕಿಟಕಿಯ ಮುಂದೆ ಹೀಗೆ ಕೇಳಿಕೊಂಡದ್ದು ಇನ್ನೂ ನನ್ನ ಕಿವಿಯಲ್ಲಿದೆ. ಪಕ್ಕದಲ್ಲಿ ಮಗಳು, ಎದೆಗೆ ಅವಚಿದ ಅಂಕಪಟ್ಟಿಯ ಫೈಲು. ತೊಗರಿ ಕೈಗೆ ಬರುವುದು ಡಿಸೆಂಬರ್, ಜನವರಿಗೆ. ಶುಲ್ಕ ಕಟ್ಟುವ ಹೊತ್ತಿಗೆ ಮನೆಯ ದುಡ್ಡೆಲ್ಲ ಬೀಜ, ಗೊಬ್ಬರವಾಗಿ ಮಣ್ಣು ಸೇರಿರುತ್ತದೆ. ವಿದ್ಯಾರ್ಥಿವೇತನ ಖಾತೆಗೆ ಬೀಳುವುದು ಆಮೇಲಿನ ಮಾತು. ಈ ನಡುವಿನ ತಿಂಗಳುಗಳಲ್ಲೇ ಎಷ್ಟೋ ಹುಡುಗಿಯರ ಎಂ.ಎ., ಎಂ.ಎಸ್ಸಿ. ಕನಸು ನಿಂತುಹೋಗುತ್ತದೆ.

ಗುಲ್ಬರ್ಗಾ ವಿಶ್ವವಿದ್ಯಾಲಯ ಹುಟ್ಟಿದ್ದು 1980ರಲ್ಲಿ. ಅಲ್ಲಿ ಓದಿ ನೆಲೆ ಕಂಡವರು ಊರೂರಲ್ಲಿದ್ದಾರೆ. ದಾಸೋಹವೆಂದರೇನೆಂದು ಶರಣಬಸವೇಶ್ವರರ ಊರಾದ ಕಲಬುರಗಿಗೆ ಯಾರೂ ಹೇಳಿಕೊಡಬೇಕಿಲ್ಲ. ಅನ್ನಕ್ಕೆ ನೀಡುವ ಕೈ ಅಕ್ಷರಕ್ಕೂ ನೀಡುತ್ತದೆ, ಕೇಳುವವರು ಬೇಕು. 10 ಲಕ್ಷ ರೂಪಾಯಿ ಠೇವಣಿಗೆ ಶೇ 7ರಂತೆ ವರ್ಷಕ್ಕೆ 70 ಸಾವಿರ ಬಡ್ಡಿ. ತಲಾ 10 ಸಾವಿರದಂತೆ ಏಳು ಮಕ್ಕಳು. ಅಸಲು ಹಾಗೇ ಉಳಿಯುತ್ತದೆ.

ವಿರೋಧ

ಆ ಏಳು ಮಕ್ಕಳಿಗೆ ಸಿಗಲಿ. ಆದರೆ ಶುಲ್ಕದ ಕೊನೆಯ ದಿನವನ್ನು ರಾಶಿಯ ಆಚೆಗೆ ಹಾಕಿದರೆ ಆ ತಂದೆಗೆ ಯಾರ ದಾನವೂ ಬೇಡ, ಇದನ್ನು ಮೊದಲು ಕೇಳೋಣ.

ಬೋಧಕರಿಗೂ ಇದೇ ಜೋಳಿಗೆ ಹಿಡಿಯೋಣ ಎಂದಾಗ ಮಾತ್ರ ನಾನು ಅಡ್ಡ ನಿಲ್ಲುತ್ತೇನೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಏಳನೇ ವೇತನ ಶ್ರೇಣಿಯಲ್ಲಿ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲವೇತನ ತಿಂಗಳಿಗೆ 57,700 ರೂಪಾಯಿ, ವರ್ಷಕ್ಕೆ 6,92,400. ಅದೇ ಶೇ 7ರ ಬಡ್ಡಿಯಲ್ಲಿ ಇಷ್ಟು ಹುಟ್ಟಬೇಕಾದರೆ ಸುಮಾರು 99 ಲಕ್ಷದ ಠೇವಣಿ ಬೇಕು. ಅದೂ ತುಟ್ಟಿಭತ್ಯೆ, ಮನೆಬಾಡಿಗೆ ಬಿಟ್ಟು, ಒಂದೇ ಒಂದು ಹುದ್ದೆಗೆ! ಹತ್ತು ಹುದ್ದೆಗೆ ಹತ್ತು ಕೋಟಿ ಎಲ್ಲಿಂದ ತರುತ್ತೀರಿ? ತರಲಾಗುವುದಿಲ್ಲ. ಬಂದಷ್ಟು ಹಣದಲ್ಲಿ ಅತಿಥಿ ಉಪನ್ಯಾಸಕರನ್ನು ಕರೆದು ವರ್ಷ ದೂಡುವುದು ರೂಢಿಯಾಗುತ್ತದೆ. ಹೇಗೋ ನಡೆಯುತ್ತಿದೆಯಲ್ಲ ಎಂದು ಕಾಯಂ ನೇಮಕಾತಿಯ ಕಡತವನ್ನು ಪಕ್ಕಕ್ಕಿಡಲು ಸರ್ಕಾರಕ್ಕೊಂದು ನೆಪ ಸಿಗುತ್ತದೆ.

ಕಲ್ಯಾಣ ಕರ್ನಾಟಕಕ್ಕೆ ಅಭಿವೃದ್ಧಿಯಲ್ಲಿ, ಶಿಕ್ಷಣ, ಉದ್ಯೋಗದಲ್ಲಿ ವಿಶೇಷ ಸ್ಥಾನ ಕೊಡುವ, 2013ರಲ್ಲಿ ಜಾರಿಗೆ ಬಂದ ಸಂವಿಧಾನದ 371(ಜೆ) ವಿಧಿ ನಮಗೆ ಯಾರೋ ಕೊಟ್ಟ ಭಿಕ್ಷೆಯಲ್ಲ, ವರ್ಷಗಟ್ಟಲೆ ಹೋರಾಡಿ ಪಡೆದ ಹಕ್ಕು. ಅದನ್ನು ಕೈಯಲ್ಲಿಟ್ಟುಕೊಂಡು ಮೇಷ್ಟ್ರ ಸಂಬಳಕ್ಕೆ ಪಟ್ಟಿ ಎತ್ತಲು ನನಗೆ ಮನಸ್ಸಿಲ್ಲ.

ಅಷ್ಟಕ್ಕೂ ಆ ಪಟ್ಟಿ ಯಾರ ಮುಂದೆ ಹೋಗುತ್ತದೆ? ನನ್ನೊಡನೆ ಓದಿದವನೊಬ್ಬ ಇವತ್ತಿಗೂ ಅತಿಥಿ ಉಪನ್ಯಾಸಕ. ಬೆಳಿಗ್ಗೆ ಬೀದರ್ ಬಸ್ಸಿನಲ್ಲಿ ಸಿಗುತ್ತಾನೆ, ರೊಟ್ಟಿ ಬುತ್ತಿ ತೊಡೆಯ ಮೇಲೆ. ರಜೆಯ ತಿಂಗಳುಗಳಲ್ಲಿ ಅವನಿಗೆ ಗೌರವಧನವಿಲ್ಲ. ಹಳೆ ವಿದ್ಯಾರ್ಥಿಯೆಂದು ಅವನ ಮುಂದೆಯೂ ರಸೀದಿ ಪುಸ್ತಕ ಹಿಡಿಯಬೇಕಾಗುತ್ತದೆ.