ಉಪ್ಪು ಬಡಿಸಿದೊಡನೆ ತೇಗು

ಜಾಹೀರಾತನ್ನು ನೋಡುವುದಕ್ಕಾಗಿ ಪೂರ್ತಿ ಟಿಕೆಟ್ಟಿನ ಹಣ ತೆತ್ತು ಒಳಗೆ ಹೋಗಿ, ಜಾಹೀರಾತು ಮುಗಿದೊಡನೆ, ಸಿನಿಮಾ ಶುರುವಾಗುವ ಮೊದಲೇ ಎದ್ದು ಹೊರಗೆ ಬರುವ ಸಂಪ್ರದಾಯವನ್ನು ಲೋಕಕ್ಕೆ ಕೊಟ್ಟ ಕೀರ್ತಿ 1998ರ ನವೆಂಬರ್ ತಿಂಗಳ ಅಮೆರಿಕನ್ನರಿಗೆ ಸಲ್ಲಬೇಕು. ಬಾಹ್ಯಾಕಾಶ ಯುದ್ಧದ ಕಥೆಗಳ ‘ಸ್ಟಾರ್ ವಾರ್ಸ್’ ಸರಣಿಯ ಮೂರನೆಯ ಚಿತ್ರ 1983ರಲ್ಲಿ ಬಂದು ಹೋದ ಮೇಲೆ ಹದಿನೈದು ವರ್ಷ ಬರಗಾಲದಲ್ಲಿ ಬೆಂದ ಅಭಿಮಾನಿಗಳಿಗೆ, ಸರಣಿಯ ಜನಕ ಜಾರ್ಜ್ ಲ್ಯೂಕಾಸ್ ಅವರು ಮುಂದಿನ ಚಿತ್ರದ ಎರಡು ನಿಮಿಷದ ಟೀಸರನ್ನು ಬೇರೆಯವರ ಸಿನಿಮಾಗಳ ಮುಂದೆ ಅಂಟಿಸಿ ಕಳುಹಿಸಿದರು. ಹಾಗೆ ಅಂಟಿಸಿಕೊಂಡ ಚಿತ್ರಗಳಲ್ಲೊಂದು ‘ಮೀಟ್ ಜೋ ಬ್ಲ್ಯಾಕ್’. ಸಾಕ್ಷಾತ್ ಮೃತ್ಯುವೇ ಬ್ರಾಡ್ ಪಿಟ್ ಅವರ ರೂಪ ಧರಿಸಿ ಭೂಮಿಗಿಳಿದು ಪ್ರೇಮದಲ್ಲಿ ಬೀಳುವ, ಹತ್ತಿರ ಹತ್ತಿರ ಮೂರು ಗಂಟೆಯ ಕಥೆ ಅದು. ಯಮಧರ್ಮರಾಯ ಪರದೆಯ ಮೇಲೆ ಬರುವಷ್ಟರಲ್ಲಿ ಪ್ರೇಕ್ಷಕರು ವಾಹನ ನಿಲ್ಲಿಸಿದ ಜಾಗದಲ್ಲಿ ಗುಂಪು ಕಟ್ಟಿಕೊಂಡು ಟೀಸರಿನಲ್ಲಿ ಕಂಡ ಕೆಂಪು ಮುಖದ ಖಳನ ಇಬ್ಬದಿಯ ಖಡ್ಗದ ಚರ್ಚೆಯಲ್ಲಿ ಮುಳುಗಿದ್ದರು. ಬಂದವರನ್ನು ಹಿಡಿದಿಡುವುದಕ್ಕೆಂದು ಕೆಲವು ಚಿತ್ರಮಂದಿರದವರು ಸಿನಿಮಾ ಮುಗಿದ ಮೇಲೆ ಟೀಸರನ್ನು ಮತ್ತೊಮ್ಮೆ ತೋರಿಸಬೇಕಾಯಿತು. ಎಲೆಯ ತುದಿಗೆ ಉಪ್ಪು ಬಡಿಸಿದೊಡನೆ ತೃಪ್ತಿಯಿಂದ ತೇಗಿ ಎದ್ದುಹೋಗುವ ನೆಂಟರನ್ನು ಕೂರಿಸಲು, ಪಾಯಸವಾದ ಮೇಲೆ ಇನ್ನೊಮ್ಮೆ ಉಪ್ಪು ಬಡಿಸುತ್ತೇವೆ ಎಂದು ಆಶ್ವಾಸನೆ ಕೊಟ್ಟಂತೆ.

ಅವರನ್ನು ಅವಿವೇಕಿಗಳೆಂದು ನಾನು ಹೇಳಲಾರೆ. ಆರು ತಿಂಗಳ ಅನಂತರ, 1999ರ ಮೇ 19ರಂದು, ಇಡೀ ಚಿತ್ರವೇ ಬಂದಾಗ ಪರದೆಯ ಮೇಲೆ ಹಳದಿ ಅಕ್ಷರಗಳು ಮೇಲೇರುತ್ತ ಮೊಟ್ಟಮೊದಲು ಅರುಹಿದ ವಿಚಾರವೆಂದರೆ, ದೂರದ ನಕ್ಷತ್ರಲೋಕಗಳಿಗೆ ಹೋಗುವ ವ್ಯಾಪಾರದ ಹಾದಿಗಳ ಮೇಲೆ ವಿಧಿಸಿದ ತೆರಿಗೆಯ ತಂಟೆ. ಹದಿನಾರು ವರ್ಷ ಕಾದದ್ದು ಸುಂಕದ ಕಟ್ಟೆಯ ಜಗಳ ಕೇಳುವುದಕ್ಕೆ! ಟೀಸರಿನಲ್ಲಿ ಈ ತೆರಿಗೆಯ ಸುಳಿವೂ ಇರಲಿಲ್ಲ. ಅದರಲ್ಲಿ ಕತ್ತಿ ಝಳಪಿಸುತ್ತಿತ್ತು, ಸಂಗೀತ ಮೊಳಗುತ್ತಿತ್ತು, ಯಾರೂ ಎರಡು ವಾಕ್ಯಕ್ಕಿಂತ ಹೆಚ್ಚು ಮಾತಾಡುತ್ತಿರಲಿಲ್ಲ. (ನಮ್ಮ ಜಿಎಸ್‌ಟಿ ಮಂಡಳಿಯ ಸಭೆಗಳಿಗೂ ಇಂಥದೊಂದು ಟೀಸರನ್ನು ಜಾನ್ ವಿಲಿಯಮ್ಸ್ ಅವರ ಸಂಗೀತದೊಡನೆ ಮಾಡಿಸಿದರೆ ಜನ ಅದಕ್ಕೂ ಸಾಲುಗಟ್ಟಿ ನಿಂತಾರು.) ಆದ್ದರಿಂದ ಅಂದು ಟೀಸರ್ ಮುಗಿದೊಡನೆ ಎದ್ದುಹೋದವರಿಗೆ ದಕ್ಕಿದ್ದೇ ಆ ಚಿತ್ರದ ಅತ್ಯುತ್ತಮ ಭಾಗ. ಸಿನಿಮಾ ಬಂದು ಟ್ರೇಲರಿನ ಮಾನ ಕಳೆಯಿತು ಎಂಬ ದೂರು ಆಗ ಹುಟ್ಟಿದ್ದು, ಈಗಲೂ ಬದುಕಿದೆ.

ಆಮೇಲೆ ವಿದ್ಯೆ ಬೆಳೆಯಿತು. 2012ರಲ್ಲಿ ಡಿಸ್ನಿ ಕಂಪನಿ ಲ್ಯೂಕಾಸ್ ಅವರ ಸಂಸ್ಥೆಯನ್ನು ಸುಮಾರು 400 ಕೋಟಿ ಡಾಲರಿಗೆ ಕೊಂಡುಕೊಂಡಿತು. 2014ರ ನವೆಂಬರ್ 28ರಂದು ಏಳನೆಯ ಚಿತ್ರದ 88 ಸೆಕೆಂಡುಗಳ ಟೀಸರ್ ಬಂತು. ಆ ಹೊತ್ತಿಗೆ ಅಭಿಮಾನಿಗಳು ಬರಿಯ ಪ್ರೇಕ್ಷಕರಾಗಿ ಉಳಿದಿರಲಿಲ್ಲ. ಒಂದೊಂದು ಚೌಕಟ್ಟನ್ನೂ ನಿಲ್ಲಿಸಿ, ಹಿಗ್ಗಿಸಿ, ಬೆಳಕು ಹೆಚ್ಚಿಸಿ ಪರೀಕ್ಷಿಸುವ ಶಾಸನತಜ್ಞರಾಗಿದ್ದರು. ಹಲ್ಮಿಡಿ ಶಾಸನದ ಒಂದೊಂದು ಅಕ್ಷರಕ್ಕೂ ನಮ್ಮ ವಿದ್ವಾಂಸರು ಕೊಟ್ಟ ಗಮನವನ್ನು ಈ 88 ಸೆಕೆಂಡುಗಳಿಗೆ ಅವರು ಕೊಟ್ಟರು. ಹಿಮದ ಕಾಡಿನಲ್ಲಿ ಒಬ್ಬ ಕಪ್ಪು ನಿಲುವಂಗಿಯವನು ಬೆನ್ನು ತಿರುಗಿಸಿ ನಿಂತು ಬೆಳಕಿನ ಖಡ್ಗವನ್ನು ಹೊತ್ತಿಸಿದ. ಅದರ ಹಿಡಿಯ ಎರಡೂ ಕಡೆಗೆ ಇನ್ನೆರಡು ಪುಟ್ಟ ಬೆಳಕಿನ ಅಲಗುಗಳು ಚಿಮ್ಮಿದವು. ಅಷ್ಟೇ ಸಾಕಾಯಿತು. ಎದುರಾಳಿಯ ಕತ್ತಿ ಜಾರಿ ಬಂದು ಆ ಅಡ್ಡಲಗಿನ ಬುಡದ ಲೋಹದ ಭಾಗಕ್ಕೆ ತಗುಲಿದರೆ ಅದು ತುಂಡಾಗುವುದಿಲ್ಲವೇ, ಹಿಡಿದವನ ಮಣಿಕಟ್ಟೇ ಸುಟ್ಟುಹೋಗುವುದಿಲ್ಲವೇ, ಸುರಕ್ಷತೆಯ ದೃಷ್ಟಿಯಿಂದ ಇದು ಸಾಧುವೇ ಎಂಬ ಪ್ರಶ್ನೆಗಳ ಮೇಲೆ ವಾರಗಟ್ಟಲೆ ವಾಕ್ಯಾರ್ಥ ನಡೆಯಿತು. ಅಮೆರಿಕದ ಹಾಸ್ಯ ನಿರೂಪಕ ಸ್ಟೀಫನ್ ಕೋಲ್ಬೇರ್ ಅವರು ತಮ್ಮ ಟಿವಿ ಕಾರ್ಯಕ್ರಮದಲ್ಲಿ ಖಡ್ಗದ ಪರವಾಗಿ ವಕಾಲತ್ತು ವಹಿಸಬೇಕಾಯಿತು. ಬೆಳಕು ಮೂರಡಿ ಹೋಗಿ ತಾನಾಗಿ ನಿಲ್ಲುವುದು ಹೇಗೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಗಾಳಿಯಿಲ್ಲದ ಬಾಹ್ಯಾಕಾಶದಲ್ಲಿ ನೌಕೆಗಳು ಢಮಾರೆಂದು ಸಿಡಿಯುವ ಸದ್ದನ್ನು 1977ರಿಂದ ಕೇಳಿಸಿಕೊಂಡು ಬಂದ ಕಿವಿಗಳಿಗೆ ಭೌತವಿಜ್ಞಾನ ನೆನಪಾದದ್ದು ಆ ಹಿಡಿಯನ್ನು ಕಂಡಾಗಲೇ.

ಇದಕ್ಕಿಂತ ವಿಚಿತ್ರವಾದ ಅನುಮಾನವೊಂದು ಅದೇ ಟೀಸರಿನ ಮೊದಲ ದೃಶ್ಯದಲ್ಲೇ ಹುಟ್ಟಿತು. ಮರಳುಗಾಡಿನ ನಡುವೆ ಬಿಳಿ ಕವಚ ತೊಟ್ಟ ಒಬ್ಬ ಸೈನಿಕ ಬೆವರು ಸುರಿಸುತ್ತ ಗಾಬರಿಯಿಂದ ಎದ್ದು ನಿಂತ. ಆತ ಜಾನ್ ಬೊಯೇಗಾ, ನೈಜೀರಿಯಾ ಮೂಲದ ಲಂಡನ್ ಯುವಕ. ಎರಡು ಮೀಟರ್ ಎತ್ತರದ ರೋಮಶ ಸಹಪೈಲಟ್‌ನನ್ನೂ, ವಾಕ್ಯವನ್ನು ತಿರುಗುಮುರುಗಾಗಿ ಆಡುವ ಹಸಿರು ಗುರುವನ್ನೂ, ಬೆಳಕಿನ ವೇಗ ಮೀರಿ ಓಡುವ ಹಳೆಯ ನೌಕೆಯನ್ನೂ ತಕರಾರಿಲ್ಲದೆ ನಂಬಿದ ಒಂದು ವರ್ಗಕ್ಕೆ, ಆ ಬಿಳಿ ಕವಚದೊಳಗೆ ಕಪ್ಪು ಮುಖವಿರುವುದನ್ನು ಮಾತ್ರ ನಂಬಲಾಗಲಿಲ್ಲ. ಇದು ವರ್ಣದ ಪ್ರಶ್ನೆಯಲ್ಲ, ಶಾಸ್ತ್ರದ ಪ್ರಶ್ನೆ ಎಂದು ಅವರ ವಾದ; ಈ ಸೈನಿಕರೆಲ್ಲ ಒಬ್ಬನೇ ಮೂಲಪುರುಷನ ತದ್ರೂಪುಗಳಲ್ಲವೇ? ಆ ಮೂಲಪುರುಷನ ಪಾತ್ರ ಮಾಡಿದ ತೆಮುಯೆರಾ ಮಾರಿಸನ್ ನ್ಯೂಜಿಲೆಂಡಿನ ಮಾವೋರಿ ಎಂಬುದನ್ನು ಶಾಸ್ತ್ರಜ್ಞರು ಆ ಕ್ಷಣಕ್ಕೆ ಮರೆತಿದ್ದರು. ಬೊಯೇಗಾ ಇದಕ್ಕೆಲ್ಲ ಕೊಟ್ಟ ಉತ್ತರವನ್ನು ಕನ್ನಡದಲ್ಲಿ ಒಂದೇ ಪದದಲ್ಲಿ ಹೇಳಬಹುದು: ಒಗ್ಗಿಕೊಳ್ಳಿ.

2015ರ ಏಪ್ರಿಲ್‌ನಲ್ಲಿ ಎರಡನೆಯ ಟೀಸರ್ ಬಂದಾಗ ಅಳುವಿನ ಯುಗ ಆರಂಭವಾಯಿತು. ಮೊದಲ ಮೂರು ಚಿತ್ರಗಳ ನಟ, ಈಗ ನರೆಗೂದಲಿನ ಹ್ಯಾರಿಸನ್ ಫೋರ್ಡ್ ಅವರು ತಮ್ಮ ರೋಮಶ ಮಿತ್ರನಿಗೆ, ನಾವು ಮನೆಗೆ ಬಂದೆವು ಎಂಬರ್ಥದ ಒಂದು ಮಾತು ಹೇಳಿದ್ದೇ ತಡ, ನಡುವಯಸ್ಸಿನ ಗಂಡಸರು ಕ್ಯಾಮೆರಾದ ಮುಂದೆ ಕುಳಿತು ಬಿಕ್ಕಳಿಸಿ ಅತ್ತರು. ಈ ವಿಡಿಯೊಗಳ ಕ್ರಮ ಸಂಧ್ಯಾವಂದನೆಯಷ್ಟೇ ನಿಯತವಾದದ್ದು. ಮೂಲೆಯ ಪುಟ್ಟ ಚೌಕದಲ್ಲಿ ಟ್ರೇಲರ್, ದೊಡ್ಡ ಚೌಕದಲ್ಲಿ ನೋಡುವವನ ಮುಖ, ತಲೆಗೆ ಹೆಡ್‌ಫೋನು, ಹಿಂದಿನ ಕಪಾಟಿನಲ್ಲಿ ಡಬ್ಬಿ ಬಿಚ್ಚದ ಗೊಂಬೆಗಳು, ಇಂತಿಷ್ಟನೆಯ ಸೆಕೆಂಡಿಗೆ ಬಾಯಿಯ ಮೇಲೆ ಅಂಗೈ, ಇಂತಿಷ್ಟನೆಯ ಸೆಕೆಂಡಿಗೆ ಕುರ್ಚಿಯಿಂದ ಹಿಂದಕ್ಕೆ ಬೀಳುವಿಕೆ. ಅನಿರೀಕ್ಷಿತ ಭಾವೋದ್ರೇಕಕ್ಕೆ ಮುನ್ನವೇ ದೀಪ, ಮೈಕು, ಕ್ಯಾಮೆರಾಗಳನ್ನು ಹೊಂದಿಸಿಟ್ಟುಕೊಳ್ಳುವ ದೂರದೃಷ್ಟಿಯನ್ನು ಮೆಚ್ಚಲೇಬೇಕು. ಹೀಗೆ ಅಳಲು ಬಾರದವರಿಗಾಗಿ ಒಬ್ಬ ಪುಣ್ಯಾತ್ಮ, ಬೇರೊಂದು ಬಾಹ್ಯಾಕಾಶ ಚಿತ್ರದಲ್ಲಿ ಮ್ಯಾಥ್ಯೂ ಮೆಕಾನಹೇ ಅಳುವ ದೃಶ್ಯವನ್ನು ಕತ್ತರಿಸಿ ಈ ಟೀಸರಿಗೆ ಜೋಡಿಸಿ, ಕಣ್ಣೀರಿಗೂ ಒಂದು ಮಾದರಿಯನ್ನು ಒದಗಿಸಿದ.

ಇದೆಲ್ಲ ಸಪ್ತಸಾಗರದಾಚೆಯ ಸಮಾಚಾರವೆಂದು ನಾನೂ ನಿಶ್ಚಿಂತೆಯಿಂದಿದ್ದೆ. ಆ ವರ್ಷದ ಅಕ್ಟೋಬರ್ 19ರ ರಾತ್ರಿ ಅಮೆರಿಕದ ಫುಟ್‌ಬಾಲ್ ಪಂದ್ಯದ ವಿರಾಮದಲ್ಲಿ ಕೊನೆಯ ಟ್ರೇಲರ್ ಬಿಡುಗಡೆಯಾಯಿತು. ಎರಡು ತಿಂಗಳಾಚೆಯ ಸಿನಿಮಾಕ್ಕೆ ಮುಂಗಡ ಟಿಕೆಟ್ ಮಾರಲು ಹೊರಟ ಜಾಲತಾಣಗಳು ಜನರ ನೂಕುನುಗ್ಗಲಿಗೆ ಕುಸಿದವು. ಅಲ್ಲಿಯ ರಾತ್ರಿ ಬೆಂಗಳೂರಿಗೆ ಮಂಗಳವಾರದ ಬೆಳಗು. ನವರಾತ್ರಿಗೆಂದು ಅಕ್ಕನ ಮನೆಗೆ ಹೋಗಿದ್ದೆ. ಗೊಂಬೆ ಕೂರಿಸಿದ್ದರು, ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ, ಶೆಟ್ಟಿ ದಂಪತಿಯ ಅಂಗಡಿಯ ಪಕ್ಕದಲ್ಲೇ, ಚೆಂಡಿನ ಮೇಲೆ ಬೋಗುಣಿ ಬೋರಲು ಹಾಕಿದಂಥ ಒಂದು ಕಿತ್ತಳೆ-ಬಿಳಿ ಯಂತ್ರದ ಗೊಂಬೆಯೂ ಇತ್ತು. ಸಿನಿಮಾ ಬರುವುದಕ್ಕೆ ಮೂರೂವರೆ ತಿಂಗಳು ಮೊದಲೇ ಸೆಪ್ಟೆಂಬರ್ 4ರಂದು ಆಟಿಕೆಗಳು ಮಾರಾಟಕ್ಕೆ ಬಂದಿದ್ದವಂತೆ. ಕಥೆಯಲ್ಲಿ ಅದು ಏನು ಮಾಡುತ್ತದೆಂದು ತಿಳಿಯದೆಯೇ ಅದಕ್ಕೆ ಅರಿಸಿನ-ಕುಂಕುಮ ಆಗಿತ್ತು.

ಅಕ್ಕನ ಮಗ ಅಡುಗೆಮನೆಯ ಕಟ್ಟೆಗೆ ಒರಗಿ, ಒಂದು ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಎರಡೂವರೆ ನಿಮಿಷದ ಟ್ರೇಲರನ್ನು ಇಪ್ಪತ್ತು ನಿಮಿಷದಿಂದ ನೋಡುತ್ತಿದ್ದ. ಉಪ್ಪಿಟ್ಟು ಆರಿ ಇಟ್ಟಿಗೆಯಾಗಿತ್ತು. ಹೊರಗೆ ಆಫೀಸಿನ ಕ್ಯಾಬು ಎರಡು ಸಲ ಹಾರ್ನ್ ಮಾಡಿ, ಮೂರನೆಯ ಸಲಕ್ಕೆ ಹೊರಟೇಹೋಯಿತು.

“ಮಾವ, ಈ ಕೈ ನೋಡಿ” ಎಂದು ಫೋನನ್ನು ನನ್ನ ಮೂಗಿಗೆ ಹಿಡಿದ. ಮುಸುಕು ಹೊದ್ದ ಯಾರೋ ಕುಳಿತಿದ್ದರು. ಕೈಯೊಂದು ಹಳೆಯ ಯಂತ್ರದ ತಲೆಯನ್ನು ನೇವರಿಸುತ್ತಿತ್ತು. “ಇದು ಹಳೆಯ ಮೂರು ಚಿತ್ರಗಳ ನಾಯಕ ಲ್ಯೂಕ್‌ನ ಕೈ. ಪೋಸ್ಟರಿನಲ್ಲಿ ಅವನಿಲ್ಲ, ಟ್ರೇಲರಿನಲ್ಲಿ ಮುಖವಿಲ್ಲ. ಅಂದರೆ ಅವನೇ ಖಳನಾಗಿದ್ದಾನೆ.”

ಪೋಸ್ಟರಿನಲ್ಲಿ ನಾನೂ ಇಲ್ಲವಲ್ಲ ಎಂದೆ. ಅವನಿಗೆ ಕೇಳಿಸಲಿಲ್ಲ.

ಇದೇ ಮಹಾನುಭಾವ ಡಿಸೆಂಬರಿನಲ್ಲಿ, ಅಮೆರಿಕದಲ್ಲಿ ಚಿತ್ರ ತೆರೆಕಂಡು ಭಾರತಕ್ಕೆ ಕ್ರಿಸ್‌ಮಸ್ ದಿನ ಬರುವವರೆಗಿನ ಆ ಒಂದು ವಾರ, ಯಾರಾದರೂ ಕಥೆ ಹೇಳಿಬಿಟ್ಟಾರೆಂಬ ಭಯದಿಂದ ಫೋನು ಮುಟ್ಟದೆ, ಊಟದ ಹೊತ್ತಿನಲ್ಲಿ ಸಹೋದ್ಯೋಗಿಗಳ ಜೊತೆ ಕೂರದೆ, ಸೂತಕದವನಂತೆ ದೂರ ಉಳಿದ. ಪ್ರತಿಯೊಂದು ಚೌಕಟ್ಟನ್ನೂ ಅರೆದು ಕುಡಿದವನಿಗೆ ಕಥೆಯ ಒಂದು ಸಾಲು ಕಿವಿಗೆ ಬಿದ್ದರೆ ಮೈಲಿಗೆ. ಕೊನೆಗೆ ಸಿನಿಮಾ ನೋಡಿ ಬಂದ. ಲ್ಯೂಕ್ ಖಳನಾಗಿರಲಿಲ್ಲ, ನಾಯಕನೂ ಆಗಿರಲಿಲ್ಲ. ಕಟ್ಟಕಡೆಯ ದೃಶ್ಯದಲ್ಲಿ ಒಂದು ಬೆಟ್ಟದ ತುದಿಯಲ್ಲಿ ನಿಂತಿದ್ದು, ತಿರುಗಿ ಮುಸುಕು ತೆಗೆದು ನೋಡುತ್ತಾನೆ. ಒಂದು ಮಾತನ್ನೂ ಆಡುವುದಿಲ್ಲ. ಮೂವತ್ತೆರಡು ವರ್ಷ ಕಾಯಿಸಿ ಬರಿಯ ಮುಖ ತೋರಿಸಿದರಲ್ಲ, ಸಿಟ್ಟು ಬರಲಿಲ್ಲವೇ ಎಂದು ಕೇಳಿದೆ. ಅವನು ನನ್ನನ್ನು ಕನಿಕರದಿಂದ ನೋಡಿದ. “ಅವನು ಏನು ಹೇಳುತ್ತಾನೆಂದು ಮುಂದಿನ ಚಿತ್ರದ ಟ್ರೇಲರಿನಲ್ಲಿ ಬರುತ್ತದೆ, ಮಾವ.”

ಬಂತು, 2017ರ ಏಪ್ರಿಲ್ 14ರಂದು. ನಮ್ಮಲ್ಲಿ ಆಗ ರಾತ್ರಿಯೂಟದ ಹೊತ್ತು. ಅಕ್ಕ ಅಂದು ಬಿಸಿ ಅಡುಗೆಯ ಗೋಜಿಗೇ ಹೋಗದೆ ಮೊಸರನ್ನ ಕಲಸಿಟ್ಟಿದ್ದಳು.