ಪಾಪ ಅಂತ ಕೇಜಿನ ಬಾಗಿಲು ತೆಗೆಯಬೇಡಿ

ನಮ್ಮ ಬೆಕ್ಕು ಕೆಂಚ ಮೂರನೇ ಮಹಡಿಯ ಬಾಲ್ಕನಿಯಿಂದ ಬಿದ್ದು ಇವತ್ತಿಗೆ ಹನ್ನೊಂದು ವಾರ. ಪಾರಿವಾಳದ ಮೇಲೆ ಕಣ್ಣಿಟ್ಟು ಗೋಡೆಯ ಅಂಚಲ್ಲಿ ಕೂತಿದ್ದ. ಅದು ಹಾರಿತು, ಇವನೂ ಹಾರಿದ. ನಾನು ಕೆಳಗೆ ಓಡಿ ಹೋದಾಗ ಯಾರದೋ ಕಾರಿನ ಅಡಿಯಲ್ಲಿ ಮುದುಡಿ ಕೂತಿದ್ದ. ಒಂದು ಸಲವೂ ಕೂಗಲಿಲ್ಲ. ಹಿಂದಿನ ಬಲಗಾಲು ಮಾತ್ರ ಅವನದೇ ಅಲ್ಲವೇನೋ ಅನ್ನುವ ಹಾಗೆ ಪಕ್ಕಕ್ಕೆ ಬಿದ್ದಿತ್ತು.

ತೊಡೆಮೂಳೆ ಎರಡು ತುಂಡಾಗಿತ್ತು. ಎತ್ತರದಿಂದ ಬಿದ್ದರೆ ಶ್ವಾಸಕೋಶಕ್ಕೂ ಪೆಟ್ಟಾಗಿರಬಹುದು ಅಂತ ಎದೆಯ ಎಕ್ಸ್‌ರೇ ಕೂಡ ತೆಗೆದರು. ಮೂರನೇ ದಿನ ಆಪರೇಷನ್ ಆಯಿತು. ಒಂದು ಪ್ಲೇಟು, ಆರು ಸ್ಕ್ರೂ.

ಆಪರೇಷನ್ ಎರಡು ಗಂಟೆಯಲ್ಲಿ ಮುಗಿಯಿತು. ಆಮೇಲಿನ ವಾರಗಳೆಲ್ಲ ಪೂರ್ತಿ ಮನೆಯವರ ಕೈಯಲ್ಲಿ. ಆ ಭಾಗವನ್ನು ನಮಗೆ ಯಾರೂ ಬಿಡಿಸಿ ಹೇಳಲಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ 'ಸ್ಟ್ರಿಕ್ಟ್ ಕೇಜ್ ರೆಸ್ಟ್' (ಕೇಜಿನೊಳಗೇ ಇಟ್ಟು ಪೂರ್ತಿ ವಿಶ್ರಾಂತಿ) ಅಂತ ಮೂರು ಪದ ಇತ್ತು, ಅಷ್ಟೇ. ಆ ಮೂರು ಪದಕ್ಕೆ ಏನರ್ಥ ಅಂತ ಗೊತ್ತಾಗಲು ನಾನೊಂದು ತಪ್ಪು ಮಾಡಬೇಕಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಎರಡು ದಿನ ಕೆಂಚ ಏನನ್ನೂ ಮುಟ್ಟಲಿಲ್ಲ. ನಾಯಿ ಒಂದೆರಡು ದಿನ ಊಟ ಬಿಟ್ಟರೆ ತಡೆದುಕೊಂಡೀತು, ಬೆಕ್ಕಿಗೆ ಅದು ಆಗುವುದಿಲ್ಲ. ಎರಡು ಮೂರು ದಿನ ಹೊಟ್ಟೆ ಖಾಲಿ ಬಿಟ್ಟರೆ ಮೈಯ ಕೊಬ್ಬೆಲ್ಲ ಹೋಗಿ ಲಿವರಿನಲ್ಲಿ ಕೂರಲು ಶುರುವಾಗುತ್ತದೆ. ದಪ್ಪ ಬೆಕ್ಕಿಗಂತೂ ಅಪಾಯ ಇನ್ನೂ ಜಾಸ್ತಿ. ಬಂಗುಡೆಯನ್ನು ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಏನೂ ಹಾಕದೆ ಬೇಯಿಸಿ, ಆ ನೀರನ್ನು ಉಗುರುಬೆಚ್ಚಗೆ ಮಾಡಿಕೊಂಡು ಕೂತೆ. ಬೆರಳಿಗೆ ಹಚ್ಚಿ ಮೂಗಿನ ಹತ್ತಿರ ಹಿಡಿದೆ. ಮುಖ ತಿರುಗಿಸಿದ. ಮತ್ತೆ ಹಿಡಿದೆ. ರಾತ್ರಿ ಹನ್ನೊಂದರ ಹೊತ್ತಿಗೆ ಒಂದು ಸಲ ನೆಕ್ಕಿದ. ಆ ಒರಟು ನಾಲಿಗೆ ಬೆರಳಿಗೆ ತಾಗಿದ್ದೇ ತಡ, ನನಗೆ ಅಳುವೇ ಬಂದುಬಿಟ್ಟಿತು.

ನೋವಿನ ವಿಷಯ ಒಂದು ಹೇಳಲೇಬೇಕು. ಪಕ್ಕದ ಮನೆಯವರು ಒಳ್ಳೇ ಮನಸ್ಸಿನಿಂದಲೇ 'ಅರ್ಧ ಪ್ಯಾರಾಸಿಟಮಾಲ್ ಪುಡಿ ಮಾಡಿ ಹಾಲಲ್ಲಿ ಕೊಡಿ' ಅಂದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಆ ಮಾತ್ರೆಯನ್ನು ಅರಗಿಸಿ ಹೊರಗೆ ಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ರಕ್ತ ಆಮ್ಲಜನಕ ಹೊರುವುದನ್ನೇ ನಿಲ್ಲಿಸುತ್ತದೆ. ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ. ಒಂದೇ ಮಾತ್ರೆ ಸಾಕು, ಬೆಕ್ಕು ಸಾಯಲು. ಐಬುಪ್ರೊಫೇನ್, ಡೈಕ್ಲೊಫೆನಾಕ್ ಕೂಡ ಬೇಡ. ಡಾಕ್ಟರ್ ತೂಕ ನೋಡಿ ಬರೆದುಕೊಟ್ಟಿದ್ದನ್ನು, ಅವರು ಹೇಳಿದಷ್ಟೇ ಕೊಡಿ.

ನೋವಿದೆಯೋ ಇಲ್ಲವೋ ಅಂತ ಬೆಕ್ಕು ಹೇಳುವುದಿಲ್ಲ. ಗುರುಗುಟ್ಟುತ್ತಿದೆ ಅಂದರೆ ಆರಾಮಾಗಿದೆ ಅಂತ ನಾನು ಅಂದುಕೊಂಡಿದ್ದೆ. ನೋವಲ್ಲೂ ಬೆಕ್ಕುಗಳು ಗುರುಗುಟ್ಟುತ್ತವೆ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019ರಲ್ಲಿ ಬೆಕ್ಕಿನ ಮುಖ ನೋಡಿ ನೋವು ಅಳೆಯುವ ಒಂದು ಕ್ರಮ ಪ್ರಕಟಿಸಿದ್ದಾರೆ. ಕಿವಿ ಪಕ್ಕಕ್ಕೆ ತಿರುಗಿವೆಯಾ, ಕಣ್ಣು ಕಿರಿದಾಗಿವೆಯಾ, ಮೂತಿ ಬಿಗಿದಿದೆಯಾ, ಮೀಸೆ ನೆಟ್ಟಗೆ ನಿಂತಿವೆಯಾ, ತಲೆ ಹೆಗಲಿಗಿಂತ ಕೆಳಗೆ ಜೋತಿದೆಯಾ. ನೋಡಬೇಕಾದದ್ದು ಈ ಐದೇ. ಬೆಳಿಗ್ಗೆ, ಸಂಜೆ ಒಂದೊಂದು ಫೋಟೋ ತೆಗೆದು ಹೋಲಿಸುತ್ತಿದ್ದೆ. ನಾಲ್ಕನೇ ದಿನ ಕಿವಿ ಮತ್ತೆ ಮುಂದಕ್ಕೆ ಬಂದವು.

ಕೇಜ್ ಅಂದರೆ ನಾಯಿಗಳದ್ದು, ಮೂರೂವರೆ ಅಡಿ ಉದ್ದ. ಒಳಗೆ ಮೆಟ್ಟಿಲು, ಹಲಗೆ ಏನೂ ಇರಬಾರದು, ಹತ್ತುತ್ತಾನೆ. ಕೆಳಗೆ ಹಳೇ ಯೋಗಾ ಮ್ಯಾಟ್ ಹಾಸಿದೆವು. ನಮ್ಮ ಟೈಲ್ಸ್ ಮೇಲೆ ಕಾಲು ಜಾರಿದರೆ ಮುಗಿಯಿತು. ಅವನ ಕಕ್ಕಸಿನ ಟ್ರೇಯ ಒಂದು ಬದಿಯನ್ನು ಕತ್ತರಿಸಿ ತಗ್ಗು ಮಾಡಿದೆವು, ಕಾಲೆತ್ತಿ ದಾಟುವ ಕಷ್ಟ ಬೇಡ ಅಂತ. ಮರಳಿನ ಬದಲು ಹರಿದ ಪೇಪರ್ ಹಾಕಿದೆವು, ಹೊಲಿಗೆಗೆ ಮರಳು ಅಂಟುತ್ತದೆ.

ಹೊಲಿಗೆ ನೆಕ್ಕದಿರಲಿ ಅಂತ ಕತ್ತಿಗೆ ಹಾಕುವ ಪ್ಲಾಸ್ಟಿಕ್ ಕೋನ್ ಬಗ್ಗೆ ಹೇಳದಿದ್ದರೆ ಹೇಗೆ. ಕಿವಿ ತುರಿಸಿದಾಗ ಕೆಂಚ ಎಡಗಾಲು ಎತ್ತಿ ಕೆರೆಯುತ್ತಿದ್ದ, ಉಗುರು ಪ್ಲಾಸ್ಟಿಕ್ ಮೇಲೆ ಟರ್ ಟರ್ ಅಂತ ಸದ್ದು ಮಾಡುತ್ತಿತ್ತು. ಕಿವಿಗೆ ತಲುಪುತ್ತಲೇ ಇರಲಿಲ್ಲ. ನಾನು ಕೋನಿನ ಒಳಗೆ ಕೈ ತೂರಿಸಿ ಕಿವಿಯ ಬುಡ ಕೆರೆದರೆ, ಕಣ್ಣು ಮುಚ್ಚಿಕೊಂಡು, ಕಾಲನ್ನು ಗಾಳಿಯಲ್ಲೇ ಅದೇ ತಾಳಕ್ಕೆ ಆಡಿಸುತ್ತಿದ್ದ. ಅವನ ಕೆಲಸವನ್ನು ನಾನು ಮಾಡುತ್ತಿದ್ದೆ, ಅವನ ಕಾಲು ಜೊತೆ ಕೊಡುತ್ತಿತ್ತು. ದಿನಕ್ಕೆ ಐದಾರು ಸಲ ಇದೇ.

ಎರಡನೇ ವಾರದ ಕೊನೆಗೆ ಹೊಲಿಗೆ ಬಿಚ್ಚಿದರು. ಗಾಯ ಮಾಯ್ದಿತ್ತು. ಬೋಳಿಸಿದ ತೊಡೆಯ ಮೇಲೆ ನವಿರಾದ ಕೆಂಚು ಕೂದಲು ಚಿಗುರುತ್ತಿತ್ತು. ನಿಜವಾದ ಕಷ್ಟ ಶುರುವಾಗಿದ್ದೇ ಆಗ. ಅವನಿಗೆ ನೋವು ಕಡಿಮೆ ಆಗಿತ್ತು. ರಾತ್ರಿಯಿಡೀ ಸರಳಿಗೆ ಮೂತಿ ತಿಕ್ಕಿ ಕೂಗುತ್ತಿದ್ದ. ತೀರ್ಥಹಳ್ಳಿಯಿಂದ ಬಂದಿದ್ದ ಅಮ್ಮನಿಗೆ ನೋಡಲು ಆಗುತ್ತಿರಲಿಲ್ಲ. 'ಪಾಪ ಕಣೇ, ಎಂತ ಪಾಪ ಮಾಡಿತ್ತು ಅಂತ ಜೈಲಿಗೆ ಹಾಕಿದೀಯೆ? ಊರಲ್ಲಿ ಬೆಕ್ಕಿಗೆ ಪೆಟ್ಟಾದ್ರೆ ಅಟ್ಟದ ಮೇಲೆ ಮಲಗಿ ಎಂಟು ದಿನಕ್ಕೆ ತಾನೇ ಇಳಿದು ಬರ್ತಿತ್ತು. ಬಿಡೇ ಮಾರಾಯ್ತಿ' ಅಂದರು.

ಬಿಟ್ಟೆ. ಐದು ನಿಮಿಷ, ಕಣ್ಣೆದುರಿಗೇ ಇರುತ್ತಾನಲ್ಲ ಅಂದುಕೊಂಡೆ. ಮೂರು ಹೆಜ್ಜೆ ಕುಂಟಿದ, ನಾಲ್ಕನೆಯದಕ್ಕೆ ಕಿಟಕಿಯ ಕಟ್ಟೆಗೆ ಹಾರಿದ. ಅಲ್ಲಿಂದ ಕೆಳಗೂ ಹಾರಿದ. ಸಂಜೆ ಎಕ್ಸ್‌ರೇಯಲ್ಲಿ ಒಂದು ಸ್ಕ್ರೂ ಸಡಿಲವಾಗಿರುವುದು ಕಂಡಿತು. ಪ್ಲೇಟು ಜರುಗಿರಲಿಲ್ಲ, ಅದು ನಮ್ಮ ಪುಣ್ಯ. ಆರು ವಾರದ ವನವಾಸ ಎಂಟು ವಾರವಾಯಿತು. ನನ್ನ ಕನಿಕರದ ಬೆಲೆಯನ್ನು ಅವನು ಕೊಟ್ಟ.

ಡಾಕ್ಟರ್ ಅವತ್ತು ಹೇಳಿದ್ದು ಈಗಲೂ ನೆನಪಿದೆ. ಚರ್ಮ ಎರಡು ವಾರದಲ್ಲಿ ಕೂಡುತ್ತದೆ, ಮೂಳೆಗೆ ಆರರಿಂದ ಎಂಟು ವಾರ ಬೇಕು. ಪ್ಲೇಟು ಮೂಳೆಯ ಜಾಗಕ್ಕೆ ಬಂದ ಮೂಳೆಯಲ್ಲ, ಹೊಸ ಮೂಳೆ ಬೆಳೆಯುವ ತನಕ ತುಂಡುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ ಅಷ್ಟೇ. ಕಟ್ಟುವ ತಂತಿಯನ್ನು ಅತ್ತ ಇತ್ತ ಬಗ್ಗಿಸುತ್ತಾ ಇದ್ದರೆ ತುಂಡಾಗುತ್ತದಲ್ಲ, ಪ್ರತಿ ಜಿಗಿತವೂ ಪ್ಲೇಟಿಗೆ ಹಾಗೆಯೇ. ಬೆಕ್ಕಿಗೆ ಹುಷಾರಾಗಿದೆ ಅಂತ ಅನ್ನಿಸುವ ಮೂರನೇ ವಾರವೇ ಎಲ್ಲಕ್ಕಿಂತ ಅಪಾಯದ ವಾರ.

ಅಮ್ಮನ ಮಾತಿನ ಬಗ್ಗೆ ಬಹಳ ಯೋಚನೆ ಮಾಡಿದೆ. ಅಟ್ಟದಿಂದ ಇಳಿದು ಬಂದ ಬೆಕ್ಕುಗಳು ನನಗೂ ನೆನಪಿವೆ. ಇಳಿದು ಬಾರದವು? ಅವು ಎಲ್ಲೋ ಹೋದವು ಅಂದುಕೊಂಡು ಮರೆತುಬಿಟ್ಟೆವು. 1987ರಲ್ಲಿ ನ್ಯೂಯಾರ್ಕಿನ ಇಬ್ಬರು ಪಶುವೈದ್ಯರು ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳ ವಿವರ ಪ್ರಕಟಿಸಿದ್ದರು. ಚಿಕಿತ್ಸೆ ಸಿಕ್ಕವುಗಳಲ್ಲಿ ನೂರಕ್ಕೆ 90 ಬದುಕಿದವು. ಅದನ್ನೇ ಹಿಡಿದುಕೊಂಡು 'ಬೆಕ್ಕಿಗೆ ಏನೂ ಆಗಲ್ಲ' ಅನ್ನುವವರಿದ್ದಾರೆ. ಬಿದ್ದ ಜಾಗದಲ್ಲೇ ಸತ್ತದ್ದನ್ನು ಯಾರು ಆಸ್ಪತ್ರೆಗೆ ತರುತ್ತಾರೆ? ನಮ್ಮ ಅಟ್ಟದ ಲೆಕ್ಕವೂ ಅದೇ. ಅಮ್ಮನಿಗೆ ಎಕ್ಸ್‌ರೇ ತೋರಿಸಿ ಇದನ್ನು ಹೇಳಿದೆ. ಸುಮ್ಮನೆ ನೋಡುತ್ತಾ ಕೂತರು. ಆಮೇಲೆ ದಿನಾ ಮಧ್ಯಾಹ್ನ ಕೇಜಿನ ಪಕ್ಕ ಚಾಪೆ ಹಾಕಿಕೊಂಡು ಮಲಗುತ್ತಿದ್ದವರು ಅವರೇ. ಅವರು ಪಕ್ಕದಲ್ಲಿದ್ದರೆ ಅವನು ಕೂಗುತ್ತಿರಲಿಲ್ಲ.

'ಬೀದಿ ಬೆಕ್ಕಿಗೆ ಇಷ್ಟು ಖರ್ಚಾ' ಅಂತ ಕೇಳಿದವರೂ ಇದ್ದಾರೆ. ಕಣ್ಣು ಬಿಡುವ ಮೊದಲೇ ಸಿಕ್ಕಿದವನನ್ನು ಬಾಟಲಿ ಹಾಲು ಕೊಟ್ಟು ಸಾಕಿದ್ದೇವೆ. ನನ್ನ ಉತ್ತರ ಅಷ್ಟೇ. ಆದರೆ ಬಾಲ್ಕನಿಗೆ ಬಲೆ ಹಾಕಿಸಲು ಇದರ ಸಣ್ಣದೊಂದು ಪಾಲು ಸಾಕಿತ್ತು. ಅವನು ಬಿದ್ದ ಮೇಲೆ ಹಾಕಿಸಿದೆವು. ಬೆಕ್ಕು ತರುವ ಮೊದಲೇ ನೀವು ಹಾಕಿಸಿ.

ಎಂಟನೇ ವಾರದ ಎಕ್ಸ್‌ರೇಯಲ್ಲಿ ಬಿರುಕಿದ್ದ ಕಡೆ ಬೆಳ್ಳಗೆ ಮೂಳೆ ತುಂಬಿತ್ತು. ಅವತ್ತು ಬಾಗಿಲು ತೆಗೆದಾಗ ಕೆಂಚ ತಕ್ಷಣ ಬರಲಿಲ್ಲ. ಹೊಸ್ತಿಲಲ್ಲಿ ನಿಂತು ಬಲಗಾಲನ್ನು ಮ್ಯಾಟ್ ಮೇಲೆ ಊರಿದ. ನಾಲ್ಕೂ ಬೆರಳು ಅಗಲವಾಗಿ ಬಿಚ್ಚಿಕೊಂಡವು. ಭಾರ ಹಾಕಿದ. ಆಮೇಲೆ ಅಮ್ಮನ ಚಾಪೆಯ ಕಡೆ ನಡೆದ.

ಕೇಜ್ ತೊಳೆದು ಮಡಚಿ ಇಟ್ಟಿದ್ದೇನೆ, ಕೋನೂ ಇದೆ. ಬೆಂಗಳೂರಿನಲ್ಲಿ ಯಾರ ಬೆಕ್ಕಿಗಾದರೂ ಬೇಕಿದ್ದರೆ ಇನ್‌ಬಾಕ್ಸ್ ಮಾಡಿ. ದುಡ್ಡು ಬೇಡ, ಎಂಟು ವಾರ ಆದ ಮೇಲೆ ವಾಪಸ್ ಕೊಡಿ.