61 ದಿನದ ರಜೆ, 97 ತಾಸಿನ ಆಟ

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ರಜೆ. ಕಾರವಾರದ ನಮ್ಮ ಬೈತಖೋಲ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು, ಮೇಲೆ ತಾಡಪತ್ರೆ ಹೊದ್ದು ಮಲಗಿರ್ತವೆ. ಬೋಟು ಹೋಗದಿದ್ದರೆ ಐಸ್ ಯಾರಿಗೆ ಬೇಕು? ನಾನು ಲೆಕ್ಕ ಬರೆಯುವ ಐಸ್ ಪ್ಲಾಂಟಿನಲ್ಲಿ ಆ 61 ದಿನ ಇರುವುದು ಎರಡೇ ಕೆಲಸ. ಹಳೇ ಉದ್ರಿ ವಸೂಲಿಗೆ ಫೋನ್ ಮಾಡೋದು, ಕಂಪ್ರೆಸರ್ ರಿಪೇರಿಯವನ ದಾರಿ ಕಾಯೋದು. ಎರಡರಲ್ಲೂ ಅವಸರ ಮಾಡಿ ಪ್ರಯೋಜನ ಇಲ್ಲ. ಹಾಗಾಗಿ ಎರಡು ಮಳೆಗಾಲ ನಾನು ಒಂದು ಜಪಾನೀ ವಿಡಿಯೋ ಗೇಮ್ ಆಡಿದೆ. ಮೊದಲ ಸಲ ಮುಗಿದಾಗ ಮಶೀನು 97 ತಾಸು ಅಂತ ತೋರಿಸಿತು. ಮನೆಯಲ್ಲಿ ಆ ಅಂಕಿ ಇನ್ನೂ ಹೇಳಿಲ್ಲ. ಇಲ್ಲಿ ಓದಿಯೇ ಗೊತ್ತಾಗಲಿ.

ಆಟ ಡ್ರ್ಯಾಗನ್ ಕ್ವೆಸ್ಟ್ 11. ದುಬೈಯಲ್ಲಿರುವ ಭಾವ ತನ್ನ ಮಗನಿಗೆ ಅಂತ ನಿಂಟೆಂಡೊ ಸ್ವಿಚ್ ಎಂಬ ಗೇಮ್ ಮಶೀನು ತಂದಿದ್ದ, ಜೊತೆಗೆ ಈ ಗೇಮಿನ ಕಾರ್ಡು. ಅಕ್ಕನ ಮಗ ಎರಡು ದಿನ ಆಡಿ, ‘ಇದು ಹಳೆಯವ್ರ ಗೇಮು ಮಾವ, ನೀನೇ ಆಡು’ ಅಂತ ತಂದು ಕೊಟ್ಟ. ಮಶೀನೂ ಹಾಗೇ ನನ್ನ ಹತ್ರ ಉಳಿಯಿತು. ಅವನಿಗೆ ಫೋನಿನಲ್ಲಿ ಗುಂಡು ಹೊಡೆಯುವ ಆಟ ಸಾಕಂತೆ.

ಮುಂದೆ ಕತೆಯ ಗುಟ್ಟೆಲ್ಲ ಬಿಚ್ಚಿಡ್ತೇನೆ. ಆಡುವ ಮನಸ್ಸಿದ್ದವರು ಇಲ್ಲಿಗೇ ನಿಲ್ಲಿಸಿ.

ಹಳೆಯವರ ಗೇಮು ಅಂದದ್ದು ಸುಳ್ಳಲ್ಲ. ಈ ಸರಣಿಯ ಮೊದಲ ಆಟ ಬಂದದ್ದು 1986ರಲ್ಲಿ. ಹನ್ನೊಂದನೆಯದು ಜಪಾನಿನಲ್ಲಿ 2017ರ ಜುಲೈಯಲ್ಲಿ ಬಂತು, ನಾನು ಆಡಿದ ಸ್ವಿಚ್ ಆವೃತ್ತಿ 2019ರ ಸೆಪ್ಟೆಂಬರಿನಲ್ಲಿ. ನಡುವೆ 31 ವರ್ಷ, ಆದರೆ ಕತೆ ಕಟ್ಟಿದ ಯೂಜಿ ಹೊರಿ, ಚಿತ್ರ ಬರೆದ ಅಕಿರಾ ತೊರಿಯಾಮ, ಸಂಗೀತ ಕೊಟ್ಟ ಕೊಯಿಚಿ ಸುಗಿಯಾಮ ಮೂವರೂ ಅವರೇ. ಒಂದೇ ಯಕ್ಷಗಾನ ಮೇಳದಲ್ಲಿ ಅದೇ ಭಾಗವತರು, ಅದೇ ಮದ್ದಳೆಯವರು ಮೂವತ್ತು ತಿರುಗಾಟ ಮಾಡಿದ ಹಾಗೆ. ಸುಗಿಯಾಮ 2021ರಲ್ಲಿ ತೀರಿಕೊಂಡರು, ತೊರಿಯಾಮ 2024ರ ಮಾರ್ಚಿನಲ್ಲಿ. ಹಾಗಾಗಿ ಈ ಮೂವರೂ ಕೂಡಿ ಮುಗಿಸಿದ ಕೊನೆಯ ದೊಡ್ಡ ಪ್ರಸಂಗ ಇದೇ ಆಯಿತು.

ಯಕ್ಷಗಾನದ ಮಾತು ಸುಮ್ಮನೆ ತಂದದ್ದಲ್ಲ. ಅಕ್ಕನ ಮಗನ ದೊಡ್ಡ ದೂರು ಏನೆಂದರೆ, ‘ಒಬ್ಬ ಹೊಡೆಯೂವರೆಗೆ ಇನ್ನೊಬ್ಬ ನಿಂತ್ಕಂಡು ನೋಡ್ತಾ ಇರ್ತಾನಲ್ಲ ಮಾವ, ಇದೆಂತಾ ಯುದ್ಧ?’ ಹೌದು, ಇಲ್ಲಿ ಸರದಿಯ ಯುದ್ಧ. ನೀವು ಏನು ಮಾಡಬೇಕು ಅಂತ ಪಟ್ಟಿಯಿಂದ ಆರಿಸಬೇಕು, ನಿಮ್ಮವನು ಹೊಡೀತಾನೆ, ಆಮೇಲೆ ರಾಕ್ಷಸನ ಸರದಿ. ಅಷ್ಟು ಹೊತ್ತು ಆತ ತೂಗಾಡುತ್ತ ನಿಂತಿರ್ತಾನೆ. ನಾನು ಕೇಳಿದೆ: ಗುಣವಂತೆಯಲ್ಲೋ ಇಡಗುಂಜಿಯಲ್ಲೋ ಯಕ್ಷಗಾನ ನೋಡುವಾಗ ಕರ್ಣ ತನ್ನ ಅರ್ಥ, ಅಂದರೆ ಮಾತು, ಹೇಳಿ ಮುಗಿಸುವವರೆಗೆ ಅರ್ಜುನ ಬಾಣ ಬಿಡ್ತಾನೇನೋ? ಸುಮ್ಮನೆ ನಿಂತು ಮೀಸೆ ತಿರುವ್ತಾನೆ. ಎದುರಾಳಿಗೆ ಅವನ ಹೊತ್ತು ಕೊಡುವುದೂ ಯುದ್ಧದ ಮರ್ಯಾದೆಯೇ. ಅವ ಉತ್ತರ ಕೊಡಲಿಲ್ಲ, ಯಾಕೆಂದರೆ ಅವ ಯಕ್ಷಗಾನ ನೋಡೂದಿಲ್ಲ.

ಇನ್ನೊಂದು ತಮಾಷೆ. ಈ ಆಟದಲ್ಲಿ ಯುದ್ಧದ ನಡುವೆ ನಿಮ್ಮವನನ್ನು ಅಂಗಳದ ತುಂಬ ಓಡಾಡಿಸಬಹುದು. ರಾಕ್ಷಸನ ಬೆನ್ನ ಹಿಂದೆ ಹೋಗಿ ನಿಂತುಕೊಳ್ಳಬಹುದು. ಮೂರು ದಿನ ನಾನು ಅದೇ ಮಾಡಿದೆ, ಹಿಂದಿನಿಂದ ಹೊಡೆದರೆ ಜೋರು ಪೆಟ್ಟು ಬೀಳ್ತದೆ ಅಂತ. ಬೀಳೂದಿಲ್ಲ! ಎಲ್ಲಿ ನಿಂತರೂ ಪೆಟ್ಟು ಅಷ್ಟೇ. ಪ್ರಯಾಣ ಕುಣಿತದಲ್ಲಿ ರಂಗಸ್ಥಳವನ್ನು ಹತ್ತು ಸುತ್ತು ಹೊಡೆದರೂ ಹಸ್ತಿನಾಪುರ ಹತ್ತಿರ ಬರೂದಿಲ್ಲ, ಹಾಗಂತ ಸುತ್ತದೆ ಬಿಡ್ತಾರೆಯೇ? ಗೊತ್ತಾದ ಮೇಲೂ ನಾನು ಸುತ್ತುವುದು ಬಿಡಲಿಲ್ಲ.

ಆಟದ ಗುರುತೇ ಆಗಿರುವ ಪ್ರಾಣಿಯೊಂದಿದೆ, ಹೆಸರು ಸ್ಲೈಮ್. ಚೌತಿಯ ಮೋದಕಕ್ಕೆ ನೀಲಿ ಬಣ್ಣ ಹಚ್ಚಿ, ಎರಡು ಕಣ್ಣು, ಒಂದು ನಗು ಬರೆದರೆ ಅದೇ. ಮೊದಲ ದಿನದಿಂದ ಮನೆಯಲ್ಲಿ ಎಲ್ಲರಿಗೂ ಅದು ‘ಮೋದಕ’. ತೊರಿಯಾಮನ ಕೈ ಎಂಥದ್ದು ನೋಡಿ: ಕೊಲ್ಲಬೇಕಾದ ಪ್ರಾಣಿಗಳನ್ನೆಲ್ಲ ಮುದ್ದು ಬರುವ ಹಾಗೆ ಬರೆದಿದ್ದಾನೆ. ನೂರು ಸಲ ಹೊಡೆದದ್ದನ್ನೇ ನೂರಾ ಒಂದನೇ ಸಲ ಹೊಡೆಯಲು ಬೇಜಾರು ಬಾರದಿರುವುದಕ್ಕೆ ಅರ್ಧ ಕಾರಣ ಅದು. ಇನ್ನರ್ಧ, ಇವು ಹಳೇ ಆಟಗಳ ಹಾಗೆ ಎಲ್ಲಿಂದಲೋ ಧುತ್ತೆಂದು ಬರೂದಿಲ್ಲ. ಹುಲ್ಲಿನಲ್ಲಿ ಅವು ಅಡ್ಡಾಡುವುದು ಕಣ್ಣಿಗೆ ಕಾಣ್ತದೆ, ಬೇಡವಾದರೆ ತಪ್ಪಿಸಿಕೊಂಡು ಹೋಗಬಹುದು.

ಇಂಗ್ಲಿಷ್ ಅನುವಾದ ಮಾಡಿದವರಿಗೆ ಒಂದು ನಮಸ್ಕಾರ. ಊರೂರಿಗೆ ಮಾತು ಬದಲಾಗ್ತದೆ. ಗೊಂಡೋಲಿಯ ಎಂಬ ನೀರಿನ ಪಟ್ಟಣದವರು ಇಟಲಿಯವರ ಧಾಟಿಯಲ್ಲಿ ಎಳೆದು ಮಾತಾಡ್ತಾರೆ. ಬಿಸಿನೀರಿನ ಬುಗ್ಗೆಯ ಹೊಟ್ಟೊ ಊರಿನವರು ಬಾಯಿ ತೆಗೆದರೆ ಹೈಕು. ಕಡಲಡಿಯ ಮತ್ಸ್ಯಕನ್ಯೆಯರದು ಪ್ರಾಸದ ಮಾತು. ಕಾರವಾರದಿಂದ ಬಸ್ಸು ಹತ್ತಿ ಅಂಕೋಲೆ, ಕುಮಟೆ, ಹೊನ್ನಾವರ ದಾಟಿ ಭಟ್ಕಳಕ್ಕೆ ಹೋದವರಿಗೆ, ನಡುವೆ ಘಟ್ಟ ಹತ್ತಿ ಶಿರಸಿಗೆ ಹೋದವರಿಗೆ ಇದು ಹೊಸತಲ್ಲ. ಕೊಂಕಣಿ, ಹಾಲಕ್ಕಿ ಕನ್ನಡ, ಹವಿಗನ್ನಡ, ನವಾಯತಿ ಎಲ್ಲ ಒಂದೇ ಟಿಕೆಟಿನಲ್ಲಿ. ಆದರೆ ಗೇಮಿನಲ್ಲಿ ಯಾರಾದರೂ ಇಷ್ಟು ಕಷ್ಟಪಟ್ಟು ಅದನ್ನು ಮಾಡಿದ್ದು ನಾನು ಬೇರೆಲ್ಲೂ ಕಂಡಿಲ್ಲ.

ಈಗ ಮತ್ಸ್ಯಕನ್ಯೆಯ ವಿಷಯ. ಇದನ್ನು ಬರೆಯಲಿಕ್ಕೇ ಕೂತದ್ದು ಅಂದರೂ ಸೈ.

ಲೋನಲುಲು ಅಂತ ಒಂದು ಮೀನುಗಾರರ ಊರು. ಅದರಾಚೆ ಕಡಲಲ್ಲಿ ಒಂದು ಬಂಡೆಯ ಮೇಲೆ ಮಿಶೆಲ್ ಎಂಬ ಮತ್ಸ್ಯಕನ್ಯೆ ಕೂತಿರ್ತಾಳೆ. ಒಬ್ಬ ಮೀನುಗಾರ ಮದುವೆಯಾಗ್ತೇನೆ ಅಂತ ಮಾತು ಕೊಟ್ಟು ಹೋಗಿದ್ದಾನೆ, ಬಂದಿಲ್ಲ, ಹುಡುಕಿ ಬನ್ನಿ ಅಂತಾಳೆ. ಊರಿಗೆ ಹೋಗಿ ವಿಚಾರಿಸಿದರೆ ಅವ ಮುದುಕನಾಗಿ ಸತ್ತು ಎಷ್ಟೋ ಕಾಲವಾಗಿದೆ. ಮತ್ಸ್ಯಕನ್ಯೆಯ ಆಯುಷ್ಯಕ್ಕೂ ಮನುಷ್ಯನ ಆಯುಷ್ಯಕ್ಕೂ ತಾಳ ಬೇರೆ, ಅವಳಿಗೆ ಅದು ಗೊತ್ತಾಗಿಲ್ಲ. ನೀವು ತಿರುಗಿ ಬಂಡೆಯ ಹತ್ತಿರ ಬರ್ತೀರಿ. ಆಟ ಕೇಳ್ತದೆ: ಹೇಳ್ತೀಯೋ, ಇಲ್ಲವೋ?

ಅವತ್ತು ಕರೆಂಟು ಹೋಗಿತ್ತು. ಮಾಡಿನ ಮೇಲೆ ಮಳೆ ಬೀಳುವ ಸದ್ದಿಗೆ ಆಟದ ಸದ್ದು ಕೇಳ್ತಿರಲಿಲ್ಲ. ಕತ್ತಲೆಯಲ್ಲಿ ಆ ಅಂಗೈಯಗಲದ ಪರದೆ ಒಂದೇ ಬೆಳಕು. ಪಕ್ಕದಲ್ಲಿ ನನ್ನ ಒಂಬತ್ತು ವರ್ಷದ ಮಗಳು. ‘ಹೇಳ್ಬೇಡ ಅಪ್ಪ. ಬರ್ತಾನೆ ಅಂತ ಹೇಳು’ ಅಂದಳು. ನನ್ನ ಹೆಬ್ಬೆರಳು ಬಟನಿನ ಮೇಲೆ ಇತ್ತು, ಒತ್ತಲಿಕ್ಕೆ ಆಗಲಿಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟು ಏಳು ಮಂದಿ ಸಮೇತ ಕಾಣೆಯಾದದ್ದು ನಿಮಗೆ ನೆನಪಿರಬಹುದು. ಏಳರಲ್ಲಿ ಐವರು ನಮ್ಮ ಜಿಲ್ಲೆಯವರು. ಮಾಲ್ವಣದ ಹತ್ತಿರ ಕಡಲಡಿಯಲ್ಲಿ ಬೋಟಿನ ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಆ ನಾಲ್ಕೈದು ತಿಂಗಳು ಬಂದರಿನಲ್ಲಿ ಜನ ಹೇಗೆ ಮಾತಾಡ್ತಿದ್ದರು ಅಂತ ನಾನು ಕೇಳಿದ್ದೇನೆ. ‘ಇದ್ದಾರೆ’ ಅನ್ನುವವರೂ ದನಿ ತಗ್ಗಿಸಿಯೇ ಹೇಳ್ತಿದ್ದರು.

ನಾನು ಹೇಳಿದೆ. ಮಿಶೆಲ್ ನೆಲಕ್ಕೆ ಬಂದು ಅವನ ಗೋರಿ ನೋಡಿ, ಮುತ್ತಿಟ್ಟು, ಕಡಲಿಗೆ ನಡೆದು ಹೋಗಿ ನೊರೆಯಾಗಿ ಕರಗಿದಳು. ನೆಲ ಮೆಟ್ಟಿದ ಮತ್ಸ್ಯಕನ್ಯೆಗೆ ವಾಪಸ್ಸು ಕಡಲಿಲ್ಲ ಅಂತ ಆಟ ಮೊದಲೇ ಹೇಳಿತ್ತು. ಮಗಳು ಎದ್ದು ಹೋದಳು, ಊಟದವರೆಗೂ ನನ್ನ ಹತ್ರ ಮಾತಾಡಲಿಲ್ಲ. ಎರಡನೇ ಮಳೆಗಾಲ ಆಡುವಾಗ ನಾನು ಸುಳ್ಳು ಹೇಳಿದೆ. ಆಗ ಅವಳು ಸಾಯೂದಿಲ್ಲ, ಬಂಡೆಯ ಮೇಲೆ ಕಾಯುತ್ತಲೇ ಇರ್ತಾಳೆ. ಯಾವ ಉತ್ತರ ಕೊಟ್ಟರೂ ನಿಮಗೆ ಬೇಕಾದ ವೀಣೆಯಂಥ ವಾದ್ಯ ಸಿಗ್ತದೆ, ಕತೆ ಮುಂದೆ ಹೋಗ್ತದೆ. ಸರಿ-ತಪ್ಪು ಅಂತ ಅಂಕ ಕೊಡೂದಿಲ್ಲ. ಗೇಮುಗಳಲ್ಲಿ ಇಂಥ ದೊಡ್ಡತನ ಅಪರೂಪ.

ಇನ್ನು ಬೈಗುಳ.

ಸಣ್ಣವು ಮೊದಲು. ಆಟ ಸಸಾರ. ಕಷ್ಟ ಬೇಕಾದರೆ ‘ಡ್ರಾಕೋನಿಯನ್’ ಅಂತ ಕಟ್ಟಳೆಗಳ ಒಂದು ಪಟ್ಟಿ ಇದೆ, ಬೇಕಾದದ್ದನ್ನು ಶುರುವಿನಲ್ಲೇ ಹಾಕಿಕೊಳ್ಳಬೇಕು, ನಡುವೆ ನೆನಪಾದರೆ ಆಗೂದಿಲ್ಲ. ಅದರಲ್ಲೊಂದರ ಪ್ರಕಾರ ನಾಯಕನಿಗೆ ಯುದ್ಧದ ನಡುವೆ ಇದ್ದಕ್ಕಿದ್ದಂತೆ ನಾಚಿಕೆಯಾಗಿ ಸರದಿ ತಪ್ಪಿಹೋಗ್ತದೆ. ಇದು ಮಾತ್ರ ನನಗೆ ಬಲೇ ಇಷ್ಟ. ಸಂಗೀತ ಕೇಳಲಿಕ್ಕೆ ಭರ್ಜರಿ. ಮೊದಲ ಆವೃತ್ತಿಯಲ್ಲಿ ಕೀಬೋರ್ಡಿನ ಸದ್ದಿತ್ತು, ಸ್ವಿಚ್ಚಿನದ್ದರಲ್ಲಿ ಟೋಕಿಯೋದ ದೊಡ್ಡ ವಾದ್ಯವೃಂದವೇ ನುಡಿಸಿದೆ. ಆದರೆ ಬಯಲಿಗೆ ಕಾಲಿಟ್ಟ ಕೂಡಲೇ ಅದೇ ರಾಗ, ಅರವತ್ತು ತಾಸಾದ ಮೇಲೂ ಅದೇ. ಭಾಗವತ ಎಷ್ಟೇ ದೊಡ್ಡವನಾಗಲಿ, ರಾತ್ರಿಯಿಡೀ ಒಂದೇ ಪದ ಹಾಡಿದರೆ ಜನ ಚಾಪೆ ಸುತ್ತಿಕೊಂಡು ಏಳ್ತಾರೆ. ಇನ್ನು ಹೆಂಗಸರ ಎದೆಯನ್ನೇ ವಿಷಯ ಮಾಡಿಕೊಂಡ ಆ ‘ಪಫ್ ಪಫ್’ ಹಾಸ್ಯ ಸರಣಿಯ ಸಂಪ್ರದಾಯವಂತೆ. ಮಗಳು ಪಕ್ಕದಲ್ಲಿದ್ದಾಗ ಮಶೀನು ಮಗುಚಿ ಹಾಕುವ ಸಂಪ್ರದಾಯ ನಾನು ಶುರು ಮಾಡಿದೆ. ಖಳನಾಯಕ ಮೋರ್ಡೆಗಾನಿಗೆ ಒಡ್ಡೋಲಗದ ಅಬ್ಬರದ ಪ್ರವೇಶ ಉಂಟು, ಅರ್ಥದ ಮಾತುಗಾರಿಕೆ ಇಲ್ಲ. ನಗ್ತಾನೆ, ಮತ್ತೆ ನಗ್ತಾನೆ.

ದೊಡ್ಡ ದೂರು ನಾಯಕನದ್ದು. ಅವ ಮಾತಾಡೂದಿಲ್ಲ. ಆಡುವವನೇ ನಾಯಕ, ಅವನ ಬಾಯಿಗೆ ನಾವು ಮಾತು ತುರುಕಬಾರದು ಎಂಬುದು ಹಳೆಯ ವಾಡಿಕೆ. ಚೌಕಾಕಾರದ ಚುಕ್ಕೆ ಚಿತ್ರದ ಕಾಲದಲ್ಲಿ ಸರಿ ಇತ್ತು. ಈಗ ಮುಖ ಕಾಣ್ತದೆ, ರೆಪ್ಪೆ ಬಡಿಯುವುದು ಕಾಣ್ತದೆ. ಸೈನಿಕರು ಅವನ ಊರು ಹಾಳುಗೆಡವಿದ್ದಾರೆ, ಇವ ನಿಂತು ನೋಡ್ತಾನೆ, ಸಂತೆಯಲ್ಲಿ ಬಂಗಡೆಯ ರೇಟು ಕೇಳಿ ಮುಂದೆ ಹೋಗುವವನ ಮುಖ.

ಇದನ್ನು ನಾನು ಕ್ಷಮಿಸಿದ್ದೆ, ಎರಡನೇ ಅಂಕದ ಕಾರಣಕ್ಕೆ. ಅಲ್ಲಿ ಲೋಕದ ಮರ ಉರುಳಿ ಬಿದ್ದು ಎಲ್ಲ ನಾಶವಾಗ್ತದೆ, ಜೊತೆಗಾರರು ದಿಕ್ಕಾಪಾಲು. ಸಿಲ್ವಾಂಡೊ ಅಂತ ಒಬ್ಬ ವಿದೂಷಕ ಇದ್ದಾನೆ. ಲೋಕ ಹಾಳಾದ ಮೇಲೆ ಅವ ಗರಿ ಕಟ್ಟಿಕೊಂಡ ಗಂಡಸರ ಮೆರವಣಿಗೆ ಕಟ್ಟಿ ಊರೂರು ಕುಣಿಸ್ತಾನೆ, ಜನ ಒಂದು ಗಳಿಗೆ ನಗಲಿ ಅಂತ. ಅಂಕೋಲೆ ಕಡೆ ಸುಗ್ಗಿಯಲ್ಲಿ ತುರಾಯಿ ಕಟ್ಟಿಕೊಂಡು ಬರುವ ಹಾಲಕ್ಕಿಗಳ ತಂಡ ನೋಡಿದವರಿಗೆ ಆ ದೃಶ್ಯ ಅರ್ಥ ಮಾಡಿಸುವುದು ಬೇಡ. ಆಮೇಲೆ ಅವಳಿ ಅಕ್ಕತಂಗಿಯರು, ವೆರೊನಿಕಾ ಮತ್ತು ಸೆರೆನಾ. ಅಕ್ಕ ಎಲ್ಲರನ್ನೂ ಪಾರುಮಾಡಿ ತಾನು ಸತ್ತಿದ್ದಾಳೆ ಅಂತ ಕೊನೆಗೆ ಗೊತ್ತಾಗ್ತದೆ. ತಂಗಿ ಉದ್ದ ಕೂದಲು ಕತ್ತರಿಸಿಕೊಳ್ತಾಳೆ. ಅತ್ತದ್ದಕ್ಕಿಂತ ಹೆಚ್ಚು ತಟ್ಟಿದ್ದು ಆಮೇಲೆ. ಮಾಮೂಲಿನಂತೆ ವಿದ್ಯೆಗಳ ಪಟ್ಟಿ ತೆರೆದೆ. ಸೆರೆನಾಳ ಹೆಸರಿನ ಕೆಳಗೆ ಅಕ್ಕನ ಬೆಂಕಿಯ ಮಂತ್ರಗಳೆಲ್ಲ ಬಂದು ಕೂತಿದ್ದವು. ವೆರೊನಿಕಾ ಇದ್ದ ಜಾಗ ಖಾಲಿ. ಒಂದು ಮೆನು ನೋಡಿ ಗಂಟಲು ಕಟ್ಟಿದ್ದು ಅದೇ ಮೊದಲು.

ನಂತರ ಮೂರನೇ ಅಂಕ. ಖಳ ಸತ್ತ, ಹೆಸರುಗಳು ಪರದೆ ಮೇಲೆ ಉರುಳಿದವು, ಮುಗಿಯಿತು ಅಂದುಕೊಂಡರೆ ಆಟ ಮುಂದುವರಿಯುತ್ತದೆ. ಕಾಲವನ್ನು ಹಿಂದಕ್ಕೆ ತಿರುಗಿಸಿ ವೆರೊನಿಕಾಳನ್ನು ಉಳಿಸಬಹುದಂತೆ. ನಾಯಕ ಒಬ್ಬನೇ ಹಿಂದಕ್ಕೆ ಹೋಗ್ತಾನೆ, ಮರ ಬೀಳೂದೇ ಇಲ್ಲ. ಅವಳು ಬದುಕಿದಳು, ಸರಿ. ಆದರೆ ಮೆರವಣಿಗೆಯೂ ಇಲ್ಲ, ಕತ್ತರಿಸಿದ ಕೂದಲೂ ಇಲ್ಲ. ಸೆರೆನಾ ಮತ್ತೆ ಉದ್ದ ಕೂದಲಲ್ಲಿ ಏನೂ ಆಗದವಳ ಹಾಗೆ ನಗ್ತಾಳೆ.

ಸತ್ತವರನ್ನು ಎಬ್ಬಿಸುವುದು ನಮಗೇನೂ ಹೊಸತಲ್ಲ. ಬಭ್ರುವಾಹನ ಕಾಳಗದಲ್ಲಿ ಮಗ ಅಪ್ಪನನ್ನೇ ಕೊಲ್ತಾನೆ, ನಾಗಲೋಕದಿಂದ ಮಣಿ ತಂದು ಅರ್ಜುನನನ್ನು ಎಬ್ಬಿಸ್ತಾರೆ. ಆದರೆ ಎದ್ದವನ ಎದುರು ನಿಂತ ಮಗನಿಗೆ ತಾನು ಮಾಡಿದ್ದು ಗೊತ್ತಿದೆ. ಚಿತ್ರಾಂಗದೆಗೆ ತಾನು ಅತ್ತದ್ದು ಗೊತ್ತಿದೆ. ನೋಡುತ್ತ ಕೂತ ನಮಗೂ ಗೊತ್ತಿದೆ. ಮಣಿ ಜೀವ ಕೊಟ್ಟಿತು, ನಡೆದದ್ದನ್ನು ಅಳಿಸಲಿಲ್ಲ. ಇಲ್ಲಿ ಹಾಗಲ್ಲ. ಲೋಕ ಹಾಳಾದದ್ದನ್ನೂ ಸೆರೆನಾ ಅತ್ತದ್ದನ್ನೂ ಕಂಡು ಬಂದವ ಒಬ್ಬನೇ, ಆ ನಾಯಕ. ಅವನಿಗೋ ಬಾಯೇ ಇಲ್ಲ! ವೆರೊನಿಕಾ ಎದುರು ಬಂದು ನಿಲ್ತಾಳೆ, ಎಂದಿನ ಹಾಗೆ ಗದರ್ತಾಳೆ, ಇವ ಅದೇ ಬಂಗಡೆ ಮುಖ ಹೊತ್ತು ನಿಂತಿದ್ದಾನೆ. ‘ನೀನು ಸತ್ತಿದ್ದೆ ಕಣೇ’ ಅಂತ ಒಂದು ಮಾತು ಹೇಳುವ ಹಾಗಿದ್ದರೆ ನಾನು ಈ ಮೂರನೇ ಅಂಕವನ್ನು ತಲೆ ಮೇಲೆ ಹೊತ್ತು ಮೆರೆಸುತ್ತಿದ್ದೆ. ಮತ್ಸ್ಯಕನ್ಯೆಗೆ ನಿಜ ಹೇಳುವುದೋ ಬೇಡವೋ ಅಂತ ನನ್ನನ್ನು ಅಷ್ಟು ಹೊತ್ತು ಕಾಡಿಸಿದ ಅದೇ ಆಟಕ್ಕೆ ಇಲ್ಲಿ ಆ ಪ್ರಶ್ನೆಯೇ ಹೊಳೆಯಲಿಲ್ಲ.

ಹೆಂಡತಿ ಹತ್ರ ಇದನ್ನೆಲ್ಲ ಆವೇಶದಲ್ಲಿ ಹೇಳಿದೆ. ಅವಳು ಸೌತೆಕಾಯಿ ತುರೀತಾ, ‘ಎಬ್ಬಿಸ್ಲಿಕ್ಕೆ ಆಗ್ತದೆ ಅಂದ್ರೆ ನೀವು ಬಿಡ್ತಿದ್ರಾ?’ ಅಂದಳು. ಬಿಡ್ತಿರಲಿಲ್ಲ. ನಾನೂ ಆ ಬಟನ್ ಒತ್ತಿದವನೇ. ಆದರೂ ಎರಡನೇ ಮಳೆಗಾಲ ಎರಡನೇ ಅಂಕದ ಕೊನೆಗೆ, ಹೆಸರುಗಳು ಉರುಳಿದ ಕೂಡಲೇ, ಮಶೀನು ಆಫ್ ಮಾಡಿದೆ.

ನಾಡಿದ್ದು ಆಗಸ್ಟ್ 1. ನಿನ್ನೆಯಿಂದಲೇ ಬೋಟಿನವರು ಐಸಿಗೆ ಹೆಸರು ಬರೆಸ್ತಾ ಇದ್ದಾರೆ, ಕಂಪ್ರೆಸರಿನವ ಇನ್ನೂ ಬಂದಿಲ್ಲ. ನನಗೆ ಇನ್ನು ಗೇಮಿಗೆ ಹೊತ್ತಿಲ್ಲ. ಕಾರವಾರ-ಅಂಕೋಲೆ ಕಡೆಯವರು ಯಾರಿಗಾದರೂ ಬೇಕಿದ್ದರೆ ಕಾರ್ಡು ಎರವಲು ಕೊಡ್ತೇನೆ, ಮೆಸೇಜ್ ಮಾಡಿ. ಆಡಿದ್ದು ಉಳಿಯುವುದು ಮಶೀನಿನಲ್ಲಿ, ಕಾರ್ಡಿನಲ್ಲಲ್ಲ, ಹಾಗಾಗಿ ನೀವು ಹೊಸದಾಗಿಯೇ ಶುರು ಮಾಡಬೇಕು. ಡ್ರಾಕೋನಿಯನ್‌ನಲ್ಲಿ ಆ ನಾಚಿಕೆಯದ್ದು ಮರೆಯದೆ ಹಾಕಿಕೊಳ್ಳಿ. ಮತ್ತೆ, ಲೋನಲುಲುವಿನಲ್ಲಿ ಮಿಶೆಲ್‌ಗೆ ಎಂತ ಹೇಳಿದಿರಿ ಅಂತ ನನಗೆ ತಿಳಿಸಬೇಕು. ಬಾಡಿಗೆ ಅಂತ ಅಷ್ಟೇ.